ಬಾಣಂತಿ ಗಾಡಿಯ ಸೂಲಗಿತ್ತಿ

ಅವಳು ಸತ್ತಳೆಂದು ತಿಳಿದ ದಿನ ನಾನು ಶಾವಿಗೆ ಪಾಯಸ ಮಾಡಿದೆ. ಏಲಕ್ಕಿ ಪುಡಿ ಉದುರಿಸಿ, ಇಬ್ಬರು ಮಕ್ಕಳಿಗೂ ಬಡಿಸಿ, ಕೊನೆಗೆ ನನ್ನ ತಟ್ಟೆಗೂ ಹಾಕಿಕೊಂಡೆ. ನನ್ನ ಪಾಲು ಕೊನೆಗೆ ಕಲಗಚ್ಚಿಗೆ ಹೋಯಿತು, ಅದು ಬೇರೆ ಮಾತು. ನಮ್ಮ ಯಜಮಾನರು ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಾಗಿದ್ದರು. ಇವತ್ತೇನು ವಿಶೇಷ ಅಂದರು. ನಮ್ಮೂರಿನ ಸೂಲಗಿತ್ತಿ ಹೋದಳಂತೆ ಅಂದೆ. ಅವರು ನನ್ನ ಮುಖ ನೋಡಿದರು, ಪಾಯಸ ನೋಡಿದರು, ಉಂಡು ಕೈ ತೊಳೆದರು.

ಇದೆಲ್ಲ ನಡೆದು ಬಹಳ ವರ್ಷಗಳಾದವು. ಆದರೂ ಅವಳನ್ನು ಕ್ಷಮಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ನನಗೆ ಕ್ಷಮಿಸುವ ಗುಣ ಕಡಿಮೆ. ಅವಳಿಗಂತೂ ಇರಲೇ ಇಲ್ಲ.

ನಮ್ಮ ಊರು ನಾಗಮಂಗಲದಿಂದ ಮೇಲುಕೋಟೆಗೆ ಬರುವ ದಾರಿಯಲ್ಲಿ. ನಮ್ಮಪ್ಪ ಊರಿನ ಪಟೇಲ. ಅವಳ ಮನೆ ನಮ್ಮ ಕೊಟ್ಟಿಗೆಯ ಹಿಂದೆ, ನಡುವೆ ಒಂದು ಮೋಟುಗೋಡೆ. ನಾನು ದೊಡ್ಡವ್ವ ಅನ್ನುತ್ತಿದ್ದೆ. ನನ್ನನ್ನು ಭೂಮಿಗೆ ಇಳಿಸಿಕೊಂಡದ್ದೂ ಅವಳೇ. ಕುಳ್ಳಗಿನ ಗಟ್ಟಿ ಹೆಂಗಸು, ದವಡೆಯಲ್ಲಿ ಸದಾ ಎಲೆಯಡಿಕೆ. ಹರಳೆಣ್ಣೆಯಲ್ಲೇ ನೆನೆದ ಅಂಗೈ, ಹೊಲದ ಕೆಲಸ ಮಾಡಿದರೂ ಒರಟಾಗಲಿಲ್ಲ. ಹೆಂಗಸರು ಎದುರಾದರೆ ಮೊದಲು ಹೊಟ್ಟೆ ನೋಡುತ್ತಿದ್ದಳು, ಆಮೇಲೆ ಮುಖ. ಗಂಡಸರು ಎದುರಾದರೆ ಮೊದಲು ಕೈ ನೋಡುತ್ತಿದ್ದಳು. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, "ಗಂಡಸ್ರು ಬಾಯಲ್ಲಿ ಏನೇಳುದ್ರೂ ಮಾಡಾದು ಕೈಯಲ್ಲೇ ಅಲ್ವಾ ಮಗ," ಅಂದಳು.

ಸೂಲಗಿತ್ತಿತನ ಅವಳ ಅರ್ಧ ಕಸುಬು. ಉಳಿದರ್ಧ ಗಂಧದ ಮರವನ್ನು ಕದ್ದು ಸಾಗಿಸುವುದು. ಆಗ ಗಂಧದ ಮರವೆಂದರೆ ಸರ್ಕಾರದ ಸೊತ್ತು. ಕಾಡಿನಲ್ಲಿದ್ದರೂ ಸರ್ಕಾರದ್ದು, ನಿಮ್ಮ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿ ಬೆಳೆದರೂ ಸರ್ಕಾರದ್ದು. ನೀವು ಅದಕ್ಕೆ ಕೊಡಲಿ ಹಾಕುವ ಹಾಗಿಲ್ಲ. ಬೇರೆಯವರು ಹಾಕಿದರೂ ಉತ್ತರ ಕೊಡಬೇಕಾದವರು ನೀವೇ. ಅದಕ್ಕೇ ನಮ್ಮ ಕಡೆ ರೈತರು ಬದುವಿನಲ್ಲಿ ಗಂಧದ ಸಸಿ ಕಂಡರೆ ಬೆರಳುದ್ದ ಇರುವಾಗಲೇ ಚಿವುಟಿ ಹಾಕುತ್ತಿದ್ದರು.

ಅವಳು ಸಾಗಿಸುತ್ತಿದ್ದ ಬಗೆ ಇದು. ತವರಿನಲ್ಲಿ ಹೆತ್ತವಳು ಮೂರನೆಯ ತಿಂಗಳೋ ಐದನೆಯ ತಿಂಗಳೋ ಗಂಡನ ಮನೆಗೆ ಹೊರಡುತ್ತಾಳೆ. ಕಮಾನು ಗಾಡಿ, ಹಿಂದೆ ಮುಂದೆ ಕಂಬಳಿಯ ಪರದೆ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಮೆತ್ತೆ, ಮೆತ್ತೆಯ ಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡ ಬಾಣಂತಿ, ಕೂಸು. ಗಾಳಿ ತಗಲಬಾರದು, ದೃಷ್ಟಿ ಬೀಳಬಾರದು. ಬಾಣಂತಿ ಗಾಡಿಯ ಪರದೆಯನ್ನು ಗಂಡನೂ ಎತ್ತುತ್ತಿರಲಿಲ್ಲ, ಇನ್ನು ದಾರಿಯಲ್ಲಿ ಗಾಡಿ ತಡೆದು ನೋಡುವ ಚೌಕಿಯ ದಫೇದಾರ ಎತ್ತುವುದೆಲ್ಲಿ ಬಂತು. ಗಂಧದ ತುಂಡು ಹುಲ್ಲಿನ ಅಡಿಯಲ್ಲಿ ಮಲಗಿರುತ್ತಿತ್ತು. ವಾಸನೆಗೆ ಏನು ಮಾಡುತ್ತಿದ್ದಳು ಅಂದರೆ, ಮಡಿಲಲ್ಲಿ ಕೆಂಡದ ಕುಡಿಕೆ ಇಟ್ಟುಕೊಂಡು ದಾರಿಯುದ್ದಕ್ಕೂ ಸಾಂಬ್ರಾಣಿ ಹಾಕುತ್ತಿದ್ದಳು. ಬಾಣಂತಿಗೆ ಹೊಗೆ ಬೇಕೇ ಬೇಕಲ್ಲ. ಸಾಂಬ್ರಾಣಿ, ಬಜೆ, ಬೆಳ್ಳುಳ್ಳಿ, ಹರಳೆಣ್ಣೆ ಎಲ್ಲ ಸೇರಿ ಗಾಡಿ ಹಾದು ಹೋದ ಮೇಲೂ ದಾರಿ ನಾರುತ್ತಿತ್ತು. ಅದರಲ್ಲಿ ಗಂಧವನ್ನು ಹೆಕ್ಕಿ ತೆಗೆಯುವ ಮೂಗು ಯಾರಿಗೂ ಇರಲಿಲ್ಲ.

ರಾತ್ರಿ ಅವಳು ಹೊಸಿಲು ದಾಟುತ್ತಿರಲಿಲ್ಲ. "ರಾತ್ರಿ ವೋಗೋನ್ನ ಕಳ್ಳ ಅಂತಾರೆ, ಅಗಲೊತ್ತು ವೋಗೋಳ್ನ ಸೂಲಗಿತ್ತಿ ಅಂತಾರೆ," ಅನ್ನುತ್ತಿದ್ದಳು. ತುಂಡುಗಳನ್ನು ಒಂದೇ ಅಳತೆಗೆ, ಆಗ ತಾನೇ ಹುಟ್ಟಿದ ಕೂಸಿನಷ್ಟು ಉದ್ದಕ್ಕೆ ಕುಯ್ಯಿಸಿ, ಹಳೇ ಸೀರೆ ಹರಿದು ಸುತ್ತುತ್ತಿದ್ದಳು. ಎರಡು ಕಟ್ಟುಪಾಡು ಇಟ್ಟುಕೊಂಡಿದ್ದಳು. ಸರ್ಕಾರದ ಕಾವಲು ಕಾಡಿನ ಮರ ಮಾತ್ರ, ರೈತರ ಹೊಲದ ಮರ ಮುಟ್ಟುವಂತಿಲ್ಲ. ಮತ್ತೊಂದು, ಬಾಣಂತಿಗೆ ಹೇಳದೆ ಅವಳ ಗಾಡಿಯಲ್ಲಿ ಒಂದು ಚಕ್ಕೆಯನ್ನೂ ಇಡುವಂತಿಲ್ಲ. ಒಪ್ಪಿದವಳಿಗೆ ಒಂದು ಸೀರೆ ಸಿಗುತ್ತಿತ್ತು. ಕೃಷ್ಣರಾಜಪೇಟೆಯಿಂದ ಹಿರೋಡೆಯವರೆಗೆ ಎಷ್ಟೋ ಅಡಿಗೆಮನೆಗಳಿಗೆ ಈ ಗುಟ್ಟು ಗೊತ್ತಿತ್ತು, ಒಂದು ಜಗಲಿಗೂ ಗೊತ್ತಿರಲಿಲ್ಲ. ಬಾಣಂತಿ ಕೋಣೆಯ ಸುದ್ದಿ ಯಾವ ಗಂಡಸು ಕೇಳುತ್ತಾನೆ.

ಹಿರೋಡೆ ಅಂದರೆ ಈಗ ಪಾಂಡವಪುರ ಅನ್ನುತ್ತಾರಲ್ಲ, ಅದೇ ಊರು. ಊರಿನ ಹೊರಗೆ ಒಂದು ಚೌಕಿ ಇತ್ತು. ಅಲ್ಲಿನ ದಫೇದಾರನಿಗೆ ಒಮ್ಮೆ ಅನುಮಾನ ಬಂದಿತಂತೆ. "ಏನಮ್ಮೋ, ನಿಮ್ ಸೀಮೆ ಎಂಗುಸ್ರು ವರ್ಸಕ್ಕೆ ಎರಡೆರಡು ದಪ ಎರ್ತಾರಾ?" ಅಂದ. ಇವಳು ಗಾಡಿಯಿಂದ ಇಳಿದು ಅವನ ಹತ್ತಿರ ಹೋಗಿ, "ಎಣಿಸ್ಕಂಡು ಕೂತಿದ್ದೀಯಾ ಮಗ? ಮನೇಲಿ ನಿನ್ ಎಂಡ್ತಿಗೆ ಏಳ್ಲಾ, ಯಜಮಾನ ಚೌಕೀಲಿ ಕೂತು ಊರ್ ಬಾಣಂತೀರ್‌ನ ಎಣಿಸ್ತಾವ್ನೆ ಅಂತ?" ಅಂದಳಂತೆ. ಅವನು ಕಿವಿಯವರೆಗೆ ಕೆಂಪಾಗಿ ಅಡ್ಡಗಟ್ಟಿದ ಬಿದಿರು ಎತ್ತಿದ. ಇದನ್ನು ಅವಳೇ ನಮಗೆಲ್ಲ ಹೇಳಿ ನಗಿಸುತ್ತಿದ್ದಳು.

ಅವಳು ಈ ಕಸುಬಿಗೆ ಬಂದದ್ದು ನಗುವ ವಿಷಯವಲ್ಲ. ಅವಳ ಗಂಡನ ಹೊಲದ ಬದುವಿನಲ್ಲಿ ತಾತನ ಕಾಲದ ಒಂದು ಗಂಧದ ಮರ ಇತ್ತು. ನನಗೆ ಏಳು ವರ್ಷವಿದ್ದಾಗ ಒಂದು ಬೆಳಿಗ್ಗೆ ಅಲ್ಲಿ ಮರವಿರಲಿಲ್ಲ, ಬೇರು ಸಮೇತ ಯಾರೋ ಎತ್ತಿಬಿಟ್ಟಿದ್ದರು. ಆ ಮನುಷ್ಯ ಬಹಳ ಸಾಧು, ಓಡಿ ಬಂದು ಪಟೇಲನಿಗೆ, ಅಂದರೆ ನಮ್ಮಪ್ಪನಿಗೆ, ತಾನೇ ಸುದ್ದಿ ಹೇಳಿದ. ಅಪ್ಪ ಚಾವಡಿಯಲ್ಲಿ ಪಂಚರ ಎದುರು ಕೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ವೊಲ ಯಾರ್ದು? ವೊಲ ಯಾರ್ದೋ ಕಳ್ಳ ಅವ್ನೇ. ಬ್ಯಾರೆ ಪುರಾವೆ ಯಾತಕ್ಕೆ?" ಪೊಲೀಸರು ಅವನನ್ನು ಕರೆದುಕೊಂಡು ಹೋದರು. ಜೈಲಿನಲ್ಲೇ ಭೇದಿ ಹತ್ತಿ ತೀರಿಕೊಂಡ. ಸುದ್ದಿ ಇವಳಿಗೆ ಮುಟ್ಟುವ ಹೊತ್ತಿಗೆ ಮಣ್ಣೂ ಆಗಿತ್ತು.

ತಿಥಿ ಮುಗಿದ ವಾರಕ್ಕೆ ಅವಳು ನಮ್ಮವ್ವನ ಹತ್ತಿರ ಅಂದ ಮಾತು ಇದು. "ಕಡೀದೇ ಇರೋ ಮರಕ್ಕೆ ನಮ್ಮನೇರ್‌ನ ತಿಂದಾಕುದ್ರು. ಇನ್ಮ್ಯಾಕೆ ಕಡ್ದೇ ನೋಡ್ತೀನಿ ಕಣವ್ವ, ಅದೇನು ತಿಂತಾರೋ ತಿನ್ಲಿ." ಅವಳ ಸಿಟ್ಟೆಲ್ಲ ಸರ್ಕಾರದ ಮೇಲೆ. ಮರ ಕದ್ದವರು ಯಾರೋ ಕಾಡಿನ ಗಾರ್ಡುಗಳು ಅಂತ ನಂಬಿದ್ದಳು. ನಮ್ಮಪ್ಪನ ಮೇಲೆ ಅವಳಿಗೆ ಒಂದಿಷ್ಟೂ ಗುಮಾನಿ ಇರಲಿಲ್ಲ. ಅಪ್ಪ ಅವಳಿಗೆ ವರ್ಷಕ್ಕೆ ಮೂರು ಪಲ್ಲ ರಾಗಿ ಕೊಡಿಸುತ್ತಿದ್ದ, ಅವಳು ಕೈಮುಗಿದು ಅದನ್ನು ಒಯ್ಯುತ್ತಿದ್ದಳು.

ನಾನು ಹೆರಿಗೆಗೆ ತವರಿಗೆ ಬಂದಾಗ ನನಗೆ ಹದಿನೆಂಟು. ಗಂಡು ಮಗು. ಅವಳು ಮಾಡಿದಂಥ ಬಾಣಂತನವನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಅದನ್ನು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಹಂಡೆಯ ಕುದಿನೀರು ಬೆನ್ನಿಗೆ ಬಿದ್ದರೂ ಸುಡದಂತೆ ಅಂಗೈ ಅಡ್ಡ ಇಟ್ಟು ಹುಯ್ಯುತ್ತಿದ್ದಳು. ಆಮೇಲೆ ಮಂಚದ ಮೇಲೆ ಮಲಗಿಸಿ, ಕುಕ್ಕೆಯ ಮೇಲೆ ನನ್ನ ಕೂದಲು ಹರವಿ, ಕೆಳಗೆ ಹೊಗೆ ಹಾಕುವಳು. ಒಂದು ದಿನ ಪಟೇಲರ ಮಗಳೆಂಬ ಮರ್ಯಾದೆಗೋ ಏನೋ, ಸಾಂಬ್ರಾಣಿಯ ಜೊತೆ ಒಂದು ಗಂಧದ ಚಕ್ಕೆಯನ್ನೂ ಕೆಂಡಕ್ಕೆ ಹಾಕಿದಳು.

"ದೊಡ್ಡವ್ವ, ಈ ವಾಸ್ನೆ ಬಂದ್ರೆ ನಂಗೆ ರಾಗಿಮುದ್ದೆ ನೆಪ್ಪಾಯ್ತದೆ," ಅಂದೆ.

"ಗಂಧಕ್ಕೂ ಮುದ್ದೆಗೂ ಯಾವೂರ್ ನೆಂಟಸ್ತಿಕೆ ಮಗ?"

ಎಣ್ಣೆನೀರಿನ ಸುಖಕ್ಕೆ ನಾಲಿಗೆ ಸಡಿಲವಾಗಿತ್ತು, ಹೇಳಿಬಿಟ್ಟೆ. ನಮ್ಮ ಅಂಗಳದಲ್ಲಿ ರಾಗಿ ತುಂಬುವ ಹಗೇವು ಇತ್ತು, ನೆಲದಲ್ಲಿ ತೋಡಿದ ಆಳದ ಗುಂಡಿ. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಆ ಹಗೇವು ತೆಗೆದರೆ ರಾಗಿಯೆಲ್ಲ ಗಂಧ ಗಂಧ. ರೊಟ್ಟಿ, ಮುದ್ದೆ, ಅಂಬಲಿ ಎಲ್ಲಕ್ಕೂ ಅದೇ ವಾಸನೆ. ಉಣ್ಣುತ್ತ ಕೂತಿದ್ದಾಗ, ಅವ್ವ, ಮುದ್ದೆ ಗಂಧ ನಾರ್ತದೆ ಅಂದೆ. ಅಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದ. ಅಪ್ಪ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಗಂಧ ಅನ್ನೋ ಮಾತು ಇನ್ನೊಂದ್ಸಲ ಬಾಯಲ್ಲಿ ಬಂದ್ರೆ ನಾಲ್ಗೆ ಸೀಳ್ತೀನಿ ಅಂದ. ಮೂರು ದಿನ ನನ್ನ ಎಡಗಿವಿ ಗುಂಯ್ ಅನ್ನುತ್ತಿತ್ತು.

ನನ್ನ ಕೂದಲಲ್ಲಿ ಆಡುತ್ತಿದ್ದ ಕೈ ನಿಂತಿತ್ತು.

"ಅದ್ಯಾವ್ ವರ್ಸ ಮಗ?"

"ನಿಮ್ಮನೇರ್‌ನ ಪೋಲೀಸ್ನೋರು ಕರ್ಕಂಡೋದ್ರಲ್ಲ, ಅದೇ ವರ್ಸ."

ಹೇಳಿದ ಮೇಲೆ ತಿಳಿಯಿತು ಏನು ಹೇಳಿದೆನೆಂದು. ಅಲ್ಲಿಯವರೆಗೆ ಆ ಎರಡು ಸಂಗತಿಗಳನ್ನು ನಾನು ಅಕ್ಕಪಕ್ಕ ಇಟ್ಟು ನೋಡಿಯೇ ಇರಲಿಲ್ಲ. ಸಣ್ಣವಳಿದ್ದಾಗ ತಿಂದ ಏಟು ಬರೀ ಏಟಾಗಿಯೇ ಉಳಿದಿತ್ತು. ತಲೆಯೆತ್ತಿ ಅವಳ ಮುಖ ನೋಡಲು ಹೋದೆ. ಹಣೆ ಒತ್ತಿ ಮಲಗಿಸಿದಳು. "ಅಲ್ಲಾಡ್ಬ್ಯಾಡ, ಕೂದ್ಲು ಒಣಗ್ಲಿ," ಅಂದಳು. ದನಿಯಲ್ಲಿ ವ್ಯತ್ಯಾಸವಿರಲಿಲ್ಲ.

ಆ ದಿನದಿಂದ ನನಗೆ ಅವಳ ಭಯ ಹಿಡಿಯಿತು. ಮಗುವನ್ನು ಕಾಲಮೇಲೆ ಹಾಕಿಕೊಂಡು ನೀರೆರೆಯುವಾಗ ಕಣ್ಣ ರೆಪ್ಪೆ ಮುಚ್ಚದೆ ನೋಡುತ್ತಿದ್ದೆ. ಎಳೆಯ ಕತ್ತು ಅವಳ ಕೈಯಲ್ಲಿತ್ತು, ಅದು ನಮ್ಮಪ್ಪನ ಮೊದಲ ಮೊಮ್ಮಗ. ಅವಳಿಗೆ ನನ್ನ ದಿಗಿಲು ಗೊತ್ತಾಯಿತು. ಒಂದು ಬೆಳಿಗ್ಗೆ ಮಗುವಿನ ಮೂಗು ತೀಡುತ್ತ, ನನ್ನತ್ತ ನೋಡದೆ ಅಂದಳು, "ಕೂಸಿನ ಮ್ಯಾಲೆ ಸೇಡು ತೀರಿಸ್ಕಳಾಕೆ ನಾನೇನು ಪಟೇಲ್ನಾ? ಆರಾಮಾಗಿ ಮಲಿಕ್ಕೊ."

ಮೂರು ತಿಂಗಳಾದ ಮೇಲೆ ನನ್ನನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ನಮ್ಮದೇ ಕಮಾನು ಗಾಡಿ, ಅಪ್ಪ ಮುಂದಿನ ಮೂಕಿಯ ಹತ್ತಿರ ಆಳಿನ ಪಕ್ಕ ಕೂತ. ಸೂಲಗಿತ್ತಿ ಜೊತೆಗೆ ಬರುವುದು ಪದ್ಧತಿ, ಅವಳು ಒಳಗೆ ನನ್ನ ಕಾಲ ಹತ್ತಿರ ಕೂತಳು. ಮೇಲುಕೋಟೆಯಲ್ಲಿ ನೆಂಟರ ಮನೆಯಲ್ಲಿ ತಂಗಿ ಮರುದಿನ ಹೊರಟೆವು. ಅಲ್ಲಿಯೂ ಹುಲ್ಲು ಕೆದರಿ, ಮೆತ್ತೆ ಕೊಡವಿ ಹಾಸಿದವಳು ಅವಳೇ. ಬೆನ್ನಿಗೆ ಏನೋ ಒತ್ತುತ್ತಿತ್ತು. ಹುಲ್ಲು ಕಡಿಮೆಯಾಯಿತೇನೋ ಅಂದುಕೊಂಡೆ. ಅವಳು ನನಗೆ ಹೇಳಿರಲಿಲ್ಲ. ಯಾವ ಬಾಣಂತಿಗೂ ಹೇಳದೆ ಇಡದವಳು ನನಗೆ ಮಾತ್ರ ಹೇಳಲಿಲ್ಲ. ನನ್ನನ್ನೂ ಹಾಲುಗಲ್ಲದ ಕೂಸನ್ನೂ ಕದ್ದ ಮರದ ಮೇಲೆ ಮಲಗಿಸಿಕೊಂಡು ಹೊರಟಿದ್ದಳು, ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಹಿರೋಡೆ ಇನ್ನು ಅರ್ಧ ಹರದಾರಿ ಇರುವಾಗ ನೋಡಿದೆ, ಅವಳ ಮಡಿಲ ಕುಡಿಕೆಯಲ್ಲಿ ಹೊಗೆ ಇರಲಿಲ್ಲ.

"ದೊಡ್ಡವ್ವ, ಕೆಂಡ ಆರೋಗದೆ."

"ಆರ್ಲಿ ಬುಡು," ಅಂದಳು. ಸಾಂಬ್ರಾಣಿಯ ಚೀಲ ಸೊಂಟದಲ್ಲೇ ಇತ್ತು, ಅದಕ್ಕೆ ಕೈ ಹಾಕಲಿಲ್ಲ.

ನೆತ್ತಿಯ ಮೇಲಿನ ಬಿಸಿಲು, ಕಮಾನು ಕಾದು ಗಾಡಿಯ ಒಳಗೆ ಒಲೆಯಂತೆ ಆಗಿತ್ತು. ಮೊದಲು ನನಗೆ ಬಂತು ಆ ವಾಸನೆ. ಏಳು ವರ್ಷದವಳು ಉಂಡ ಮುದ್ದೆಯ ವಾಸನೆ. ಎಲ್ಲ ಅರ್ಥವಾಗಿ ನಾನು ಎದ್ದು ಕೂರುವುದಕ್ಕೂ ಚೌಕಿಯ ಬಿದಿರು ಅಡ್ಡ ಬರುವುದಕ್ಕೂ ಸರಿಹೋಯಿತು.

"ಯಾರ್ಲಾ ಅದು? ನಾನು ಪಟೇಲ ಕಣ್ಲಾ. ಬಾಣಂತಿ ಗಾಡಿ, ಬುಡು," ಅಂತ ಅಪ್ಪನ ದನಿ.

"ಬುಡ್ತೀನಿ ಸ್ವಾಮಿ. ಅದ್ಯಾಕೆ ಗಾಡಿ ಇಂಗೆ ಗಂಧ ನಾರ್ತದೆ?" ದಫೇದಾರ ಕೇಳಿದ.

"ಮೇಲ್ಕೋಟೆಯಿಂದ ಬತ್ತಾ ಇವ್ನಿ. ದೇವಸ್ತಾನದ ಗಂಧ."

"ಅಣೇಗಿಕ್ಕೋ ಗಂಧ ಇಷ್ಟು ನಾರಾಕಿಲ್ಲ ಸ್ವಾಮಿ. ಒಸಿ ಪರದೆ ಎತ್ಸಿ."

ಅಪ್ಪ ಬಾರುಕೋಲು ಎತ್ತಿದ. ಬಾಣಂತಿಯ ಪರದೆ ಮುಟ್ಟಿದರೆ ಕೈ ಕಡಿಯುತ್ತೇನೆ, ಅಮಲ್ದಾರರಿಗೆ ಹೇಳಿ ಕೆಲಸ ಕಳೆಯುತ್ತೇನೆ ಅಂತ ಕೂಗಾಡಿದ. ಪಾಪ, ಅವನಿಗೆ ಒಳಗೇನಿದೆಯೆಂದು ನಿಜವಾಗಿ ಗೊತ್ತಿರಲಿಲ್ಲ. ಮಗಳ ಮಾನ ಕಾಯಲು ಕೂಗುತ್ತಿದ್ದ. ಕೂಗಿದಷ್ಟೂ ದಫೇದಾರನ ಅನುಮಾನ ಬಲಿಯಿತು. ಕೊನೆಗೆ ಅವನು ಮುಖ ಆ ಕಡೆ ತಿರುಗಿಸಿ, "ತಪ್ಪು ತಿಳೀಬ್ಯಾಡಿ ತಾಯಿ, ಮಗಿನ ಎತ್ಕಂಡು ಒಸಿ ಇಳೀರಿ," ಅಂದ.

ಇಳಿದೆ. ಹುಲ್ಲಿನ ಅಡಿಯಿಂದ ಹನ್ನೊಂದು ತುಂಡು ತೆಗೆದರು, ಹಳೇ ಸೀರೆ ಸುತ್ತಿದ್ದವು. ಸಾಲಾಗಿ ನೆಲದ ಮೇಲೆ ಮಲಗಿಸಿದರು.

ಅಪ್ಪ ಬಗ್ಗಿ ಒಂದು ತುಂಡಿನ ಸೀರೆ ಸರಿಸಿ ನೋಡಿದ. ಆಮೇಲೆ ಅವಳತ್ತ ಕೈ ಮಾಡಿದ. "ಇವ್ಳು. ಈ ಮುಂಡೆ ಇಕ್ಕಿರಾದು."

"ಗಾಡಿ ಯಾರ್ದು ಸ್ವಾಮಿ?"

"ಗಾಡಿ ನಂದು. ಆಸ್ಗೆ ಆಸಿದ್ದು ಇವ್ಳು. ಬೇಕಾದ್ರೆ ನನ್ ಮಗಳ್ನ ಕೇಳು."

ದಫೇದಾರ ನನ್ನ ಕಡೆ ತಿರುಗಿ, "ಏಳಿ ತಾಯಿ, ಇದುನ್ನ ಇಟ್ಟೋರು ಯಾರು?" ಅಂದ.

ಅಪ್ಪ ನನ್ನನ್ನು ನೋಡುತ್ತಿದ್ದ, ನಾನು ಒಂದು ಹೆಸರು ಹೇಳಿದರೆ ಸಾಕಾಗಿತ್ತು. ಅವಳು ಬಿಸಿಲಲ್ಲಿ ನಿಂತು ಎಲೆಯಡಿಕೆ ಅಗಿಯುತ್ತಿದ್ದಳು. ನನ್ನನ್ನು ನೋಡಲಿಲ್ಲ, ಅಪ್ಪನ ಕೈಗಳನ್ನು ನೋಡುತ್ತಿದ್ದಳು. ಅವಳ ಮೇಲೆ ನನಗೆ ಮೈಯೆಲ್ಲ ಉರಿ ಇತ್ತು, ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಆಗ ಎಡಗಿವಿ ಗುಂಯ್ ಅಂದಿತು. ಸುಳ್ಳಲ್ಲ, ಹನ್ನೊಂದು ವರ್ಷದ ಮೇಲೆ ಅದೇ ಸದ್ದು.

"ಗಾಡಿ ನಮ್ಮಪ್ಪಂದು," ಅಂದೆ. "ಗಾಡಿ ಯಾರ್ದೋ ಅವ್ರುನ್ನೇ ಕೇಳಿ. ನಂಗಿನ್ನೇನೂ ಗೊತ್ತಿಲ್ಲ."

ಅಪ್ಪನ ಕೈಯ ಬಾರುಕೋಲು ಕೆಳಗಿಳಿಯಿತು. ಚಾವಡಿಯಲ್ಲಿ ತಾನೇ ಆಡಿದ ಮಾತು ಅವನಿಗೆ ಕೇಳಿಸಿತೆಂದು ನನಗೆ ಖಾತ್ರಿ. ಅವನನ್ನು ಚೌಕಿಯ ಒಳಕ್ಕೆ ಕರೆದುಕೊಂಡು ಹೋದರು. ತಿರುಗಿ ನೋಡಲಿಲ್ಲ.

ಗಾಡಿ ಜಪ್ತಿಯಾಯಿತು. ದಫೇದಾರ ಬಾಡಿಗೆ ಗಾಡಿ ಗೊತ್ತು ಮಾಡಿ ನಮ್ಮನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದ. ಹೊರಡುವ ಮುಂಚೆ ಅವಳು ಚೌಕಿಯ ಒಲೆಯಿಂದ ಕೆಂಡ ಕೇಳಿ ತಂದು, ಕುಡಿಕೆಗೆ ಹಾಕಿ, ಸಾಂಬ್ರಾಣಿ ಉದುರಿಸಿ, ಮಗುವಿಗೆ ಹೊಗೆ ತೋರಿಸಿದಳು. ಪರದೆ ಎತ್ತಿದ್ದರಿಂದ ಗಾಳಿ ತಗಲಿದೆ ಅಂದಳು. ದಾರಿಯಲ್ಲಿ ನಾನು ಕೇಳಿದೆ, "ನಂಗೆ ಯಾಕೆ ಏಳ್ಲಿಲ್ಲ?"

"ಏಳಿದ್ರೆ ನೀನು ಅಲ್ಲಿ ಸುಳ್ಳಾಡ್ಬೇಕಾಗ್ತಿತ್ತು. ಈಗ ನೀನಾಡಿದ್ದು ದಿಟ."

"ನಾ ನಿನ್ನೆಸ್ರು ಏಳಿದ್ದಿದ್ರೆ?"

ಅವಳು ಪಕ್ಕದ ಗಂಟು ಬಿಚ್ಚಿ ತೋರಿಸಿದಳು. ಒಂದು ಒಗೆದ ಸೀರೆ, ಒಂದು ಚೊಂಬು, ಒಂದು ಕಟ್ಟು ಎಲೆ. "ಜೈಲ್ಗೆ ವೋಗಾಕೆ ಕಟ್ಕಂಡೇ ಬಂದಿದ್ದೆ," ಅಂದಳು. "ಯಾವ್ ಕಡೆಗಾದ್ರೂ ಸರಿ, ಒಬ್ರು ವೋಗ್ಬೇಕಿತ್ತು."

ಅಪ್ಪನಿಗೆ ಶಿಕ್ಷೆಯಾಯಿತು, ಪಟೇಲಿಕೆ ಚಿಕ್ಕಪ್ಪನಿಗೆ ಹೋಯಿತು. ಅವಳ ಕಸುಬೂ ಅಲ್ಲಿಗೇ ಮುಗಿಯಿತು. ಅವತ್ತಿನಿಂದ ಎಲ್ಲ ಚೌಕಿಗಳಲ್ಲೂ ಬಾಣಂತಿ ಗಾಡಿಯ ಪರದೆ ಎತ್ತಿಸಿ ನೋಡತೊಡಗಿದರು. ಎಳೆಗೂಸುಗಳನ್ನು ಹಿಡಿದುಕೊಂಡು ಬಿಸಿಲಲ್ಲಿ ನಿಂತ ಹೆಂಗಸರೆಲ್ಲ ಅವಳಿಗೆ ಶಾಪ ಹಾಕಿದರು. ಹೆರಿಗೆಗೆ ಕರೆಯುವವರೂ ಕಡಿಮೆಯಾದರು. ಹೊಟ್ಟೆಗೆ ಏನು ಮಾಡುತ್ತೀಯ ಅಂತ ನಮ್ಮವ್ವ ಕೇಳಿದ್ದಕ್ಕೆ, "ಕಲ್ತಿದ್ದು ಇದೊಂದಕ್ಕೇಯ ಅನ್ನಿಸ್ತದೆ, ಆಯ್ತಲ್ಲ," ಅಂದಳಂತೆ. ಅವ್ವ ಅದಕ್ಕೆ ಏನೆಂದಳೋ ನನಗೆ ತಿಳಿಯದು. ಆದರೆ ಮೋಟುಗೋಡೆಯ ಮೇಲಿಂದ ರಾಗಿ ಹೋಗುವುದು ನಿಲ್ಲಲಿಲ್ಲ.

ನಾನೂ ನನ್ನ ಸೇಡು ತೀರಿಸಿಕೊಂಡೆ. ಎರಡನೆಯ ಹೆರಿಗೆಗೆ ತವರಿಗೆ ಹೋದಾಗ ಅವಳನ್ನು ಕರೆಸಲಿಲ್ಲ. ನಾಗಮಂಗಲದಿಂದ ಬೇರೆಯವಳನ್ನು ಕರೆಸಿದೆ. ನೋವು ಶುರುವಾದಾಗ ಇವಳು ತಾನಾಗಿ ಬಂದು ನಮ್ಮ ಜಗಲಿಯಲ್ಲಿ ಕೂತಳು. ಒಂದು ಹಗಲು, ಇನ್ನೊಂದು ಹಗಲು. ಒಳಗಿನಿಂದ ನನಗೆ ಅವಳ ಕೆಮ್ಮು ಕೇಳುತ್ತಿತ್ತು. ಪ್ರಾಣ ಹೋಗುವಂಥ ನೋವಿನಲ್ಲಿ ಆ ಎಣ್ಣೆಗೈ ಒಂದು ಸಲ ಸೊಂಟ ಮುಟ್ಟಿದರೆ ಸಾಕು ಅನ್ನಿಸಿತು, ಆದರೂ ಕರೆಯಲಿಲ್ಲ. ಮಗಳು ಹುಟ್ಟಿ ಅತ್ತ ಸದ್ದು ಕೇಳಿ, ಹೆಣ್ಣೋ ಗಂಡೋ ಅಂತಲೂ ಕೇಳದೆ ಎದ್ದು ಹೋದಳಂತೆ. ಮತ್ತೆ ನಾನು ಅವಳನ್ನು ನೋಡಲಿಲ್ಲ. ಕೆಲವು ವರ್ಷಕ್ಕೆ ಆ ಪಾಯಸದ ದಿನ ಬಂತು.

ಶಿಕ್ಷೆ ಮುಗಿಸಿ ಮನೆಗೆ ಬಂದಿದ್ದ ಅಪ್ಪ ಅವಳು ಸತ್ತ ಮರುವರ್ಷ ಹಾಸಿಗೆ ಹಿಡಿದ. ಹೋಗಿ ಪಕ್ಕದಲ್ಲಿ ಕೂತೆ. ಚಿಕ್ಕಪ್ಪ, ನೆಂಟರು, ಊರಿನ ನಾಲ್ಕು ಜನ ಸುತ್ತ ಇದ್ದರು. ಅಪ್ಪ ನನ್ನ ಕೈ ಹಿಡಿದುಕೊಂಡ. ಆ ಕೈ ಹಗುರವಾಗಿತ್ತು.

"ಅವ್ಳೂ ವೋದ್ಲು. ಇನ್ನು ಯಾರ್ಗೂ ಏನೂ ತೊಂದ್ರೆ ಇಲ್ಲ. ಇವ್ರೆಲ್ಲಾರ್ ಎದ್ರುಗೆ ಒಂದ್ಸಲ ಏಳು ಮಗ, ಅದುನ್ನ ಇಟ್ಟೋರು ಯಾರು ಅಂತ. ಕಳ್ಳ ಅನ್ನಿಸ್ಕಂಡು ಸಾಯಾಕೆ ಆಗಾಕಿಲ್ಲ ನಂಗೆ."

"ಅಪ್ಪ, ಆ ವರ್ಸ ಅಗೇವಿನ ರಾಗಿ ಯಾಕೆ ಗಂಧ ನಾರ್ತಿತ್ತು?" ಅಂದೆ. "ನೀನು ಅದುನ್ನ ಏಳು, ನಾನು ಇದುನ್ನ ಏಳ್ತೀನಿ."

ಅಪ್ಪ ನನ್ನ ಕೈ ಬಿಟ್ಟ. ಆಮೇಲೆ ಗೋಡೆಯ ಕಡೆ ಮಗ್ಗುಲಾದ. ಮರುದಿನ ಮಧ್ಯಾಹ್ನ ಅವನ ಬಾಯಿಗೆ ತುಳಸಿ ನೀರು ಬಿಟ್ಟವಳು ನಾನೇ. ಬೇರೇನೂ ಬಿಡಲಿಲ್ಲ.

ಇದನ್ನು ಬರೆಯುವಾಗ ನಮ್ಮ ಯಜಮಾನರು ಇಣುಕಿ ನೋಡಿ, ಆ ಹೆಂಗಸಿನ ಹೆಸರೇ ಬರೆದಿಲ್ಲವಲ್ಲ, ಮರೆತೆಯಾ ಅಂದರು. ಮರೆತಿಲ್ಲ. ಅವಳನ್ನು ನಾನು ಕ್ಷಮಿಸಿಲ್ಲ, ಅವಳಿಗೆ ಸಲ್ಲಬೇಕಾದ ಒಳ್ಳೆಯ ಮಾತನ್ನೂ ಬಾಕಿ ಇಟ್ಟುಕೊಂಡಿಲ್ಲ. ಆದರೆ ಚೌಕಿಯಲ್ಲಿ ಅಪ್ಪ ಕೇಳಿದ ಹೆಸರು ಅದು, ಸಾಯುವಾಗ ಕೇಳಿದ ಹೆಸರೂ ಅದೇ. ನನ್ನ ಕೈಯಿಂದ ಅವನಿಗೆ ಅದು ಸಿಗುವುದಿಲ್ಲ.